ಕೈಕಾಗದವೂ ಕಾಯಕತತ್ತ್ವವೂ

ವೀರಶೈವ ಧರ್ಮದಲ್ಲಿ ಮನುಷ್ಯನ ಕೈಗೆ ಸಂದಿರುವ ಗೌರವವು ಅಸಾಧಾರಣವಾದುದು. ಶ್ರೀಗುರುವು ದೀಕ್ಷಾಕಾಲದಲ್ಲಿ ಇಷ್ಟಲಿಂಗವನ್ನು ಶಿಷ್ಯನ ಕರಸ್ಥಲಕ್ಕೆ ಅನುಗ್ರಹಿಸುತ್ತಾನೆ. ಅಂದಿನಿಂದ ಅಂಗೈಯೇ ಪೀಠ, ಅಂಗೈಯೇ ಗರ್ಭಗೃಹ. ದೇವರನ್ನು ಕಾಣಲು ಭಕ್ತನು ಎಲ್ಲಿಗೂ ಹೋಗಬೇಕಾಗಿಲ್ಲ. ತನ್ನ ಕೈಯನ್ನು ತಾನು ನೋಡಿಕೊಂಡರೆ ಸಾಕು. ಪ್ರಾತಃಕಾಲದಲ್ಲಿ ಲಿಂಗಪೀಠವಾದ ಆ ಕೈಯೇ ಹೊತ್ತೇರಿದ ಮೇಲೆ ನೇಗಿಲನ್ನು ಹಿಡಿಯುತ್ತದೆ, ನೂಲನ್ನು ತೆಗೆಯುತ್ತದೆ, ರೊಟ್ಟಿಯನ್ನು ತಟ್ಟುತ್ತದೆ, ತಕ್ಕಡಿಯನ್ನು ಎತ್ತುತ್ತದೆ. ಪೂಜೆಗೊಂದು ಕೈ, ದುಡಿಮೆಗೊಂದು ಕೈ ಎಂದು ಶಿವನು ಯಾರಿಗೂ ಬೇರೆ ಬೇರೆಯಾಗಿ ಕೊಟ್ಟಿಲ್ಲ. ಲಿಂಗವನ್ನು ಹೊತ್ತ ಕೈ ಮಾಡುವ ದುಡಿಮೆಯು ಲಿಂಗಕ್ಕೆ ಒಪ್ಪುವಂತಹುದಾಗಿರಬೇಕು ಎಂಬ ಈ ಒಂದು ವಿಚಾರದಿಂದಲೇ ಶರಣರ ಕಾಯಕತತ್ತ್ವವು ಮೊಳೆತು ಬೆಳೆಯಿತು.

ತತ್ತ್ವವನ್ನು ಕೇಳಿ ತಲೆದೂಗುವುದು ಸುಲಭ; ಅದನ್ನು ಮನೆಯೊಳಗಿನ ಒಂದು ವಸ್ತುವಿಗೆ ಅನ್ವಯಿಸಿ ನೋಡುವುದು ಕಷ್ಟ. ಅಂತಹ ವಸ್ತುಗಳಲ್ಲಿ ಕಾಗದವೂ ಒಂದು. ಲೆಕ್ಕದ ವಹಿ, ಮಕ್ಕಳ ಬರೆಹದ ಪುಸ್ತಕ, ಲಗ್ನಪತ್ರಿಕೆ, ಲಕೋಟೆ, ದಿನಚರಿ, ಪಾವತಿಯ ಚೀಟಿ ಇವುಗಳಿಲ್ಲದ ಗೃಹಸ್ಥನ ಮನೆಯು ಇಂದು ಎಲ್ಲಿಯೂ ಇಲ್ಲ. ಇವನ್ನೆಲ್ಲ ಹಳೆಯ ಅರಿವೆಯ ಚಿಂದಿಯಿಂದಲೂ ಬರೆದು ಬಿಸುಟ ರದ್ದಿಯಿಂದಲೂ ಕೈಯಿಂದಲೇ ಸಿದ್ಧಪಡಿಸುವ ಉದ್ಯೋಗವು ನಾಡಿನ ಹಲವೆಡೆಗಳಲ್ಲಿ ನಡೆಯುತ್ತಿದೆ. ಬೇರೆ ಆಸರೆಯಿಲ್ಲದ ಅನೇಕ ಹೆಣ್ಣುಮಕ್ಕಳು ಇದರಿಂದ ಜೀವನವನ್ನು ಸಾಗಿಸುತ್ತಿದ್ದಾರೆ. ಈ ಕಾಗದವನ್ನು ಕುರಿತು ಗೃಹಸ್ಥರಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುವುದುಂಟು. ಯಾರೋ ಉಟ್ಟುಬಿಟ್ಟ ಬಟ್ಟೆಯಿಂದಾದ ಹಾಳೆಯ ಮೇಲೆ ಶಿವನಾಮವನ್ನು ಬರೆಯಬಹುದೇ, ಮಂಗಲಕಾರ್ಯದ ಪತ್ರಿಕೆಯನ್ನು ಅಚ್ಚುಹಾಕಿಸಬಹುದೇ ಎಂಬುದು ಒಂದು ಮಾತು. ಪಾಪ, ಬಡಹೆಂಗಸರು ಮಾಡಿದ್ದು, ಕೊಂಡರೆ ಪುಣ್ಯ ಬರುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಹೇವರಿಕೆಯ ಮಾತು, ಎರಡನೆಯದು ಕನಿಕರದ ಮಾತು. ಮೊದಲನೆಯದು ತಪ್ಪೆಂದು ಹಲವರು ಒಪ್ಪಿಯಾರು. ಎರಡನೆಯದರಲ್ಲಿಯೂ ದೋಷವಿದೆಯೆಂದರೆ ಆಶ್ಚರ್ಯಪಟ್ಟಾರು. ಶರಣರ ನಡೆಯನ್ನು ಮುಂದಿಟ್ಟುಕೊಂಡು ಇವೆರಡನ್ನೂ ವಿಚಾರಿಸಬೇಕಾಗಿದೆ.

ವಸ್ತುವಿನ ಹುಟ್ಟನ್ನು ತಿಳಿಯದೆ ಅದರ ಶುದ್ಧಾಶುದ್ಧಗಳನ್ನು ಹೇಳುವುದು ಸಲ್ಲದು. ಚೀನಾ ದೇಶದಲ್ಲಿ ಹಾನ್ ವಂಶದ ಅರಸನ ಆಸ್ಥಾನದಲ್ಲಿದ್ದ ಚಾಯ್ ಲುನ್ ಎಂಬ ಅಧಿಕಾರಿಯು ಕ್ರಿ.ಶ. 105ರಲ್ಲಿ ಕಾಗದ ಮಾಡುವ ವಿಧಾನವನ್ನು ತನ್ನ ಒಡೆಯನಿಗೆ ಒಪ್ಪಿಸಿದನೆಂದು ಆ ದೇಶದ ಇತಿಹಾಸವು ಹೇಳುತ್ತದೆ. ಅವನು ಬಳಸಿದ ಸಾಮಗ್ರಿಗಳೆಂದರೆ ಮರದ ತೊಗಟೆ, ಸೆಣಬಿನ ತುಂಡು, ಹರಕು ಬಟ್ಟೆ ಮತ್ತು ಬೆಸ್ತರ ಹಳೆಯ ಬಲೆ. ಯೂರೋಪಿನಲ್ಲಿಯೂ 19ನೆಯ ಶತಮಾನದ ನಡುಗಾಲದವರೆಗೆ ಕಾಗದಕ್ಕೆ ಚಿಂದಿಬಟ್ಟೆಯೇ ಮುಖ್ಯ ಆಧಾರವಾಗಿತ್ತು. ಮರವನ್ನು ಅರೆದು ಕಾಗದ ಮಾಡುವ ಪದ್ಧತಿಯು ಅನಂತರ ಬಂದುದು. ಆದುದರಿಂದ ಚಿಂದಿಯಿಂದ ಕಾಗದ ಮಾಡುವುದು ಈಚಿನವರು ಕಂಡುಕೊಂಡ ವಿಚಿತ್ರವಲ್ಲ; ಅದು ಕಾಗದದ ಹುಟ್ಟುಗುಣ. ಇಂದು ಮೈಲಿಗೆಯ ಮಾತನ್ನಾಡುವವರು ಹಿಂದಿನ ಕಾಲದ ಕಾಗದದ ಹಸ್ತಪ್ರತಿಗಳನ್ನು ಕಣ್ಣಿಗೊತ್ತಿಕೊಳ್ಳುವರಲ್ಲವೇ? ಅವುಗಳಲ್ಲಿ ಎಷ್ಟೋ ಹಾಳೆಗಳು ಯಾರೋ ಉಟ್ಟು ಹರಿದ ಅರಿವೆಗಳೇ ಆಗಿದ್ದುವು.

ವಚನಗಳನ್ನು ಓದುವವರಿಗೆ ಕಾಗದದ ಋಣವು ಇನ್ನೂ ಹೆಚ್ಚಿನದು. ಶತಮಾನಗಳ ಕಾಲ ವಚನಗಳು ತಾಳೆಯೋಲೆಯ ಕಟ್ಟುಗಳಲ್ಲಿ, ಮಠಗಳ ಅಟ್ಟದ ಮೇಲೆ, ಭಕ್ತರ ಮನೆಯ ಜಗಲಿಯ ಮೇಲೆ ಉಳಿದುಕೊಂಡಿದ್ದುವು. ವಿಜಯಪುರದಲ್ಲಿ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು (1880-1964) ಊರೂರು ಅಲೆದು ಅವನ್ನು ಕೂಡಿಹಾಕಿದರು. 1923ರಲ್ಲಿ 'ವಚನಶಾಸ್ತ್ರಸಾರ'ವು ಹೊರಬಂದಿತು. 1925ರಲ್ಲಿ ಹಿತಚಿಂತಕ ಮುದ್ರಣಾಲಯವೂ 1926ರಲ್ಲಿ 'ಶಿವಾನುಭವ' ಪತ್ರಿಕೆಯೂ ಪ್ರಾರಂಭವಾದುವು. ಈ ಕಾರ್ಯಕ್ಕಾಗಿ ಅವರು ತಮ್ಮ ಮನೆಯನ್ನೇ ಮಾರಿದರೆಂಬುದು ಎಲ್ಲರೂ ಬಲ್ಲ ಸಂಗತಿ. ಓಲೆಯಿಂದ ಕಾಗದಕ್ಕೆ ಬಂದ ಮೇಲೆಯೇ ವಚನವು ಮಠದಿಂದ ಮನೆಗೆ, ಪಂಡಿತನಿಂದ ಪಾಮರನಿಗೆ ಇಳಿದು ಬಂದಿತು. ಶರಣರ ಮಾತನ್ನು ಹೊತ್ತು ತಂದ ವಾಹನವು ಕಾಗದವಾಗಿರುವಾಗ, ಅದನ್ನು ಮಾಡುವ ಕೈಗಳನ್ನು ಮರೆತು ಮಾತನ್ನು ಮಾತ್ರ ಪೂಜಿಸುವುದು ಅರ್ಧಪೂಜೆಯಾಗುತ್ತದೆ.

ಭಾರತದಲ್ಲಿ ಈ ಕಸುಬನ್ನು ವಂಶಪರಂಪರೆಯಿಂದ ನಡೆಸಿಕೊಂಡು ಬಂದವರು ಕಾಗಜಿಗಳು. ರಾಜಸ್ಥಾನದ ಸಾಂಗಾನೇರ ಮೊದಲಾದ ಕಡೆಗಳಲ್ಲಿ ಅವರ ನೆಲೆಗಳಿದ್ದುವು. ಯಂತ್ರದ ಕಾಗದವು ಬಂದೊಡನೆ ಅವರ ಕಸುಬು ಕುಂದಿತು. ಮಹಾತ್ಮಾ ಗಾಂಧಿಯವರು 1934ರಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘವನ್ನು ಸ್ಥಾಪಿಸಿದಾಗ ಅದರ ಕಾರ್ಯಭಾರವನ್ನು ಅರ್ಥಶಾಸ್ತ್ರಜ್ಞರಾದ ಜೆ. ಸಿ. ಕುಮಾರಪ್ಪನವರು ವಹಿಸಿಕೊಂಡರು. ವಾರ್ಧಾದಲ್ಲಿದ್ದ ಆ ಸಂಘವು ಉದ್ಧರಿಸಲು ಎತ್ತಿಕೊಂಡ ಗ್ರಾಮೋದ್ಯೋಗಗಳಲ್ಲಿ ಕೈಕಾಗದವೂ ಒಂದಾಗಿತ್ತು. ಗಾಂಧಿಯವರು ತಮಗೆ ಬಂದ ಪತ್ರಗಳ ಖಾಲಿ ಬೆನ್ನನ್ನೂ ಲಕೋಟೆಗಳ ಒಳಮೈಯನ್ನೂ ಬಿಡಿಸಿಕೊಂಡು ಅವುಗಳ ಮೇಲೆಯೇ ಬರೆಯುತ್ತಿದ್ದರು. ದೇಶದ ಭವಿಷ್ಯವನ್ನು ನಿರ್ಣಯಿಸುವ ಮಾತುಗಳಿಗೆ ಬಳಸಿದ ಕಾಗದವು ಸಾಲದೆಂದು ಅವರಿಗೆ ತೋರಲಿಲ್ಲ. 1957ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಏರ್ಪಟ್ಟ ಮೇಲೆ ಈ ಉದ್ಯೋಗಕ್ಕೆ ಸರಕಾರದ ಬೆಂಬಲವೂ ದೊರೆಯಿತು. ಸಾಂಗಾನೇರದಲ್ಲಿ ಕುಮಾರಪ್ಪನವರ ಹೆಸರಿನಲ್ಲಿಯೇ ಕೈಕಾಗದದ ರಾಷ್ಟ್ರೀಯ ಸಂಸ್ಥೆಯೊಂದು ನೆಲೆಗೊಂಡಿತು. ಕರ್ನಾಟಕದಲ್ಲಿ ಹುಬ್ಬಳ್ಳಿಯ ಬಳಿಯ ತಾರಿಹಾಳದಲ್ಲಿಯೂ ಹತ್ತಿಯ ಚಿಂದಿಯಿಂದ ಕೈಕಾಗದವನ್ನು ಮಾಡುವ ಕೆಲಸವು ನಡೆದುಬಂದಿದೆ.

ಹೆಣ್ಣುಮಕ್ಕಳ ಬಾಳಿಗೂ ಈ ಕಾಗದಕ್ಕೂ ಇರುವ ಸಂಬಂಧವನ್ನು ಅರಿಯಲು ಮಧ್ಯಪ್ರದೇಶದ ಓರ್ಛಾ ಎಂಬ ಊರಿನ ನಿದರ್ಶನವು ಉಪಯುಕ್ತವಾಗಿದೆ. ಬೇತ್ವಾ ನದಿಯ ದಡದಲ್ಲಿರುವ ಈ ಹಳೆಯ ರಾಜಧಾನಿಯು ಬುಂದೇಲಖಂಡ ಪ್ರಾಂತಕ್ಕೆ ಸೇರಿದುದು. ಬರಗಾಲಕ್ಕೂ ಗುಳೇ ಹೋಗುವುದಕ್ಕೂ ಹೆಸರಾದ ಸೀಮೆಯದು. ಅಲ್ಲಿ ಸಹರಿಯಾ ಎಂಬ ವನವಾಸಿ ಜನರಿದ್ದಾರೆ. ಕಾಡಿನ ಉತ್ಪನ್ನವನ್ನು ಆಯ್ದು, ಅನ್ಯರ ಹೊಲಗಳಲ್ಲಿ ಕೂಲಿ ಮಾಡಿ ಬದುಕುವ ಅವರನ್ನು ಸರಕಾರವು ಅತ್ಯಂತ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿ ಸೇರಿಸಿದೆ. ದೆಹಲಿಯ ಡೆವಲಪ್‌ಮೆಂಟ್ ಆಲ್ಟರ್ನೇಟಿವ್ಸ್ ಎಂಬ ಸಂಸ್ಥೆಯು 1990ರ ದಶಕದಲ್ಲಿ ಓರ್ಛಾದಲ್ಲಿ ತಾರಾಗ್ರಾಮವೆಂಬ ಕೇಂದ್ರವನ್ನು ಕಟ್ಟಿ, ಅಲ್ಲಿ ಕೈಕಾಗದದ ಕಾರ್ಯಾಗಾರವನ್ನು ತೆರೆಯಿತು. ಬಳಸಿ ಬಿಟ್ಟ ಹತ್ತಿಯ ಬಟ್ಟೆ ಮತ್ತು ಕಚೇರಿಗಳ ರದ್ದಿ ಕಾಗದ ಅದರ ಕಚ್ಚಾವಸ್ತುಗಳು. ಸಹರಿಯಾ ಜನಾಂಗದ ಹೆಂಗಸರೂ ನೆರೆಹೊರೆಯ ಬಡಹೆಂಗಸರೂ ಅದರ ಕೆಲಸಗಾರರಾದರು. ಅಕ್ಷರವನ್ನು ಕಲಿಯದ ಕೈಗಳು ಅಕ್ಷರಕ್ಕೆ ಆಸನವನ್ನು ಮಾಡಿಕೊಡತೊಡಗಿದುವು.

ಆ ಕೆಲಸದ ಕ್ರಮವನ್ನು ತಿಳಿದರೆ ಕೈಕಾಗದದ ಬೆಲೆ ಏನೆಂಬುದೂ ತಿಳಿಯುತ್ತದೆ. ಮೊದಲು ಚಿಂದಿಯನ್ನು ಆರಿಸಬೇಕು. ಗುಂಡಿ, ಕೊಕ್ಕೆ, ಹೊಲಿಗೆಯ ದಪ್ಪ ಅಂಚುಗಳನ್ನು ಕತ್ತರಿಸಿ ತೆಗೆಯಬೇಕು. ನೈಲಾನಿನಂತಹ ಕೃತಕ ನೂಲಿನ ಬಟ್ಟೆಯನ್ನು ಬೇರ್ಪಡಿಸಬೇಕು. ಏಕೆಂದರೆ ಅದು ನೀರಿನಲ್ಲಿ ನೆನೆದು ಅರೆಯುವುದಿಲ್ಲ, ಒಂದು ತುಂಡು ಉಳಿದರೂ ಹಾಳೆಯು ಕೆಡುತ್ತದೆ. ಹೀಗೆ ಆರಿಸಿದ ಹತ್ತಿಬಟ್ಟೆಯನ್ನು ಸಣ್ಣ ಚೂರುಗಳಾಗಿ ಕತ್ತರಿಸಿ, ನೀರಿನೊಡನೆ ಗಂಟೆಗಟ್ಟಲೆ ಅರೆದು ಹಿಟ್ಟು ಮಾಡುತ್ತಾರೆ. ಆ ಹಿಟ್ಟನ್ನು ತೊಟ್ಟಿಯ ನೀರಿನಲ್ಲಿ ಕದಡಿ, ಜಾಲರಿಯ ಚೌಕಟ್ಟಿನಿಂದ ಒಂದೊಂದೇ ಹಾಳೆಯನ್ನು ಎತ್ತುತ್ತಾರೆ. ನೀರು ಸೋರಿದ ಮೇಲೆ ಹಸಿಯ ಹಾಳೆಯನ್ನು ಬಟ್ಟೆಯ ಮೇಲೆ ಮಗುಚಿ, ಹಾಳೆಗೊಂದು ಬಟ್ಟೆಯಂತೆ ಅಟ್ಟಿಯೊಟ್ಟಿ, ಒತ್ತುಯಂತ್ರದಲ್ಲಿಟ್ಟು ಹಿಂಡಿ, ಹಗ್ಗದ ಮೇಲೆ ಒಣಗಹಾಕುತ್ತಾರೆ. ಶಾಯಿಯು ಹರಡದಂತೆ ಸರಿ ಹಚ್ಚಿ, ಉರುಳೆಯಂತ್ರದಲ್ಲಿ ನುಣುಪು ಮಾಡಿ, ಅಂಚನ್ನು ಕತ್ತರಿಸಿ, ಪ್ರತಿಯೊಂದು ಹಾಳೆಯನ್ನೂ ಬೆಳಕಿಗೆ ಹಿಡಿದು ನೋಡಿ ಕಟ್ಟು ಕಟ್ಟುತ್ತಾರೆ. ಒಂದು ಲಕೋಟೆಯು ಕೊಳ್ಳುವವನ ಕೈಗೆ ಬರುವಷ್ಟರಲ್ಲಿ ಎಷ್ಟು ಕೈಗಳನ್ನು ದಾಟಿ ಬರುವುದೆಂಬುದನ್ನು ಇದರಿಂದ ಊಹಿಸಬಹುದು.

ಈ ಕ್ರಮದಲ್ಲಿ ಕಾಣುವ ಕೆಲಸಗಳು ಶರಣಮಾರ್ಗಕ್ಕೆ ಹೊಸವೇ? ಕದಿರ ರೆಮ್ಮವ್ವೆಯು ನೂಲು ತೆಗೆದಳು. ಅಮುಗೆ ರಾಯಮ್ಮನು ಗಂಡನೊಡನೆ ನೆಯ್ಗೆಯ ಕಾಯಕವನ್ನು ಮಾಡಿದಳು. ಕೊಟ್ಟಣದ ಸೋಮವ್ವೆಯು ಬತ್ತ ಕುಟ್ಟಿದಳು. ಸತ್ಯಕ್ಕನು ಶಿವಭಕ್ತರ ಮನೆಯ ಅಂಗಳವನ್ನು ಗುಡಿಸಿದಳು. ಮಡಿವಾಳ ಮಾಚಯ್ಯನು ಬಟ್ಟೆ ಒಗೆದನು. ಗುಡಿಸುವುದು, ಒಗೆಯುವುದು, ಕುಟ್ಟುವುದು, ಆಯುವುದು ಇವನ್ನು ಲೋಕವು ಕೀಳು ಕೆಲಸವೆಂದು ಕರೆದಾಗ ಕಲ್ಯಾಣದ ಶರಣರು ಇವುಗಳಿಗೆ ಅನುಭವಮಂಟಪದಲ್ಲಿ ಆಸನವನ್ನು ಕೊಟ್ಟರು. ಇಂದು ಚಿಂದಿಯನ್ನು ಆಯುವ ತಾಯಿಯು ಆ ಸಾಲಿನಲ್ಲಿ ಕೂಡತಕ್ಕವಳೇ ಅಲ್ಲವೇ?

ಇಲ್ಲಿ ಮೊದಲನೆಯ ಶಂಕೆಯನ್ನು ಪರಿಶೀಲಿಸಬೇಕು. ಉಟ್ಟುಬಿಟ್ಟ ಬಟ್ಟೆಯು ಎಂಜಲಿಗೆ ಸಮಾನವಲ್ಲವೇ, ಅದರಿಂದಾದ ಹಾಳೆಯು ಪವಿತ್ರಕಾರ್ಯಕ್ಕೆ ಸಲ್ಲುವುದೇ ಎಂದು ಕೇಳುವವರು ತಮ್ಮ ಧರ್ಮದ ಒಂದು ಮುಖ್ಯ ನಿಯಮವನ್ನು ಮರೆತವರು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳು ಲಿಂಗಾಂಗಿಗೆ ಇಲ್ಲವೆಂದು ವೀರಶೈವ ಧರ್ಮವು ಸಾರುತ್ತದೆ. ಇವುಗಳಲ್ಲಿ ಉಚ್ಛಿಷ್ಟವೆಂಬ ಪದವನ್ನು ಗಮನಿಸಬೇಕು. 'ಉತ್' ಎಂಬ ಉಪಸರ್ಗದೊಡನೆ 'ಶಿಷ್' ಎಂಬ ಧಾತುವು ಸೇರಿ ಆ ಪದವಾಗಿದೆ. ಉಳಿದದ್ದು, ಮಿಕ್ಕದ್ದು ಎಂದು ಅದರ ಅರ್ಥ. ಶೇಷವೆಂಬ ಪದಕ್ಕೂ ಅದೇ ಧಾತುವೇ ಮೂಲ. ಲಿಂಗಕ್ಕೆ ಅರ್ಪಿಸಿ ಮಿಕ್ಕದ್ದನ್ನು ಭಕ್ತನು ಏನೆಂದು ಕರೆಯುತ್ತಾನೆ? ಪ್ರಸಾದವೆಂದು ಕರೆದು ಕಣ್ಣಿಗೊತ್ತಿಕೊಂಡು ಸ್ವೀಕರಿಸುತ್ತಾನೆ. ಮಿಕ್ಕದ್ದೆಂಬ ಕಾರಣಕ್ಕೆ ಒಂದು ವಸ್ತುವು ಕೀಳಾಗುವುದಾದರೆ ಪ್ರಸಾದವೇ ಕೀಳಾಗಬೇಕಾಗಿತ್ತು. ಹಾಗಾಗುವುದಿಲ್ಲ, ಏಕೆಂದರೆ ಮಿಕ್ಕದ್ದನ್ನು ಎಂಜಲು ಮಾಡುವುದೂ ಪ್ರಸಾದ ಮಾಡುವುದೂ ಅರ್ಪಣೆಯೇ ಹೊರತು ವಸ್ತುವಲ್ಲ. ಭೋಗಿಸಿ ಬಿಸುಟರೆ ಅದು ಎಂಜಲು. ಅರ್ಪಿಸಿ ಉಳಿಸಿಕೊಂಡರೆ ಅದು ಪ್ರಸಾದ.

ಚಿಂದಿಯ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲುತ್ತದೆ. ಮೂಲೆಗೆ ಎಸೆದಾಗ ಅದು ಕಸ. ಯಾವಳೋ ಒಬ್ಬ ತಾಯಿಯು ಅದನ್ನು ಆಯ್ದು, ಒಗೆದು, ಅರೆದು, ಹಾಳೆ ಮಾಡಿ, ಅದರಿಂದ ಮಕ್ಕಳಿಗೆ ಅನ್ನವನ್ನೂ ಲೋಕಕ್ಕೆ ಅಕ್ಷರದ ಆಸನವನ್ನೂ ಒದಗಿಸಿದಾಗ ಆ ಕಸವು ಕಾಯಕಕ್ಕೆ ಅರ್ಪಿತವಾಯಿತು. ಅರ್ಪಿತವಾದುದು ಪ್ರಸಾದವಾಯಿತು. ಪ್ರಸಾದದ ಮೇಲೆ ಶಿವನಾಮವನ್ನು ಬರೆಯಲು ಹಿಂದೆಗೆಯಬೇಕಾದ ಕಾರಣವೇನಿದೆ? ಹಿಂದೆಗೆಯುವವನ ಮನಸ್ಸಿನಲ್ಲಿ ಮೈಲಿಗೆಯಿದೆಯೇ ಹೊರತು ಹಾಳೆಯಲ್ಲಿಲ್ಲ.

ಮಿಕ್ಕ ಸೂತಕಗಳೂ ಈ ಸಂದರ್ಭದಲ್ಲಿ ಬೇರೆ ವೇಷದಲ್ಲಿ ತಲೆಯೆತ್ತುವುದುಂಟು. ಮಾಡಿದವಳು ಯಾವ ಕುಲದವಳೋ ಎಂಬುದು ಜಾತಿಸೂತಕ. ಮುಟ್ಟಿನ ದಿನಗಳಲ್ಲಿ ಮುಟ್ಟಿದಳೋ ಏನೋ ಎಂಬುದು ರಜಸ್ಸೂತಕ. ಗಂಡನನ್ನು ಕಳೆದುಕೊಂಡವಳ ಕೈಯಿಂದಾದ ಪತ್ರಿಕೆಯು ಮದುವೆಯ ಮನೆಗೆ ಹೇಗೆ ಸಲ್ಲುವುದೆಂಬ ಅಳುಕು ಮರಣಸೂತಕದ್ದೇ ಒಂದು ನೆರಳು. ಬಾಯಿಬಿಟ್ಟು ಹೇಳದಿದ್ದರೂ ಎಷ್ಟೋ ಮನೆಗಳ ಒಳಕೋಣೆಯಲ್ಲಿ ಈ ಪಿಸುಮಾತುಗಳು ಇನ್ನೂ ಉಳಿದಿವೆ. ವಿಧವೆಗೆ ಉಡಿಕೆಯ ಮೂಲಕ ಮರಳಿ ಸಂಸಾರವನ್ನು ಕಟ್ಟಿಕೊಡುವ ರೂಢಿಯನ್ನು ಹಿಂದಿನಿಂದಲೂ ಇರಿಸಿಕೊಂಡ ಸಮಾಜದಲ್ಲಿ ಅವಳ ಕೈ ಅಮಂಗಲವೆನ್ನುವುದಕ್ಕೆ ಎಡೆಯೆಲ್ಲಿದೆ? ಲಿಂಗವನ್ನು ಧರಿಸಿದ ಹೆಣ್ಣಿಗೆ ಗಂಡನ ಮರಣದಿಂದ ಲಿಂಗವು ಅಗಲುವುದಿಲ್ಲ; ಲಿಂಗವಿರುವಲ್ಲಿ ಅಮಂಗಲವಿಲ್ಲ.

ಸಹರಿಯಾ ಹೆಣ್ಣುಮಕ್ಕಳು ಲಿಂಗಧಾರಿಗಳಲ್ಲವಲ್ಲ, ಅವರಿಗೆ ಈ ಮಾತು ಹೇಗೆ ಅನ್ವಯಿಸುವುದೆಂದು ಕೇಳಬಹುದು. ಕಲ್ಯಾಣಕ್ಕೆ ಬಂದ ಶರಣರಲ್ಲಿ ಎಷ್ಟೋ ಜನರು ಮೊದಲು ಕಾಯಕದ ಬಾಗಿಲಿನಿಂದಲೇ ಒಳಗೆ ಬಂದವರು. ಚಮ್ಮಾರರು, ಅಂಬಿಗರು, ಮೇದಾರರು ತಮ್ಮ ತಮ್ಮ ಕಸುಬನ್ನು ಹೊತ್ತುಕೊಂಡೇ ಬಂದರು. ಅವರ ಕಸುಬನ್ನು ನೋಡಿ ಯಾರೂ ಬಾಗಿಲು ಮುಚ್ಚಲಿಲ್ಲ. ಪ್ರಾಮಾಣಿಕವಾದ ದುಡಿಮೆಯಿರುವಲ್ಲಿ ಶಿವನು ಮೊದಲೇ ಇದ್ದಾನೆಂದು ನಂಬುವವನೇ ಭಕ್ತ.

ಇನ್ನು ಎರಡನೆಯ ಮಾತು. ಬಡಹೆಂಗಸರಿಗೆ ನೆರವಾಗುವುದೆಂದು ಈ ಕಾಗದವನ್ನು ಕೊಳ್ಳುವವನು ಒಳ್ಳೆಯವನೇ. ಅವನ ಮನಸ್ಸಿನಲ್ಲಿ ದಯೆಯಿದೆ. ಆದರೆ ಆ ದಯೆಯ ಬೆನ್ನಿಗೆ ಒಂದು ಅಹಂಕಾರವು ಅಂಟಿಕೊಂಡು ಬರುವ ಅಪಾಯವಿದೆ. ನಾನು ಕೊಡುವವನು, ಅವಳು ಪಡೆಯುವವಳು ಎಂಬ ಭಾವವು ಬಂದೊಡನೆ ವ್ಯಾಪಾರವು ದಾನವಾಗಿ ಮಾರ್ಪಡುತ್ತದೆ, ಕಾಯಕವಂತಳು ಭಿಕ್ಷುಕಳಾಗುತ್ತಾಳೆ. ಅವಳು ಕೈಯೊಡ್ಡಿ ಬಂದವಳಲ್ಲ, ಕೈಯಿಂದ ಮಾಡಿ ತಂದವಳು. ಅವಳ ಹಾಳೆಯನ್ನು ಪಡೆದು ಅದರ ಬೆಲೆಯನ್ನು ಕೊಟ್ಟವನು ಋಣವನ್ನು ತೀರಿಸಿದನೇ ಹೊರತು ಪುಣ್ಯವನ್ನು ಗಳಿಸಲಿಲ್ಲ. ಶರಣರು ದಾನವೆನ್ನದೆ ದಾಸೋಹವೆಂದುದು ಇದಕ್ಕಾಗಿಯೇ. 'ದಾಸೋಽಹಂ' ಎಂದರೆ ನಾನು ದಾಸನು ಎಂದರ್ಥ. ಕೊಡುವವನು ತನ್ನನ್ನು ಮೇಲೆ ಇಟ್ಟುಕೊಂಡರೆ ಅದು ದಾನ. ಕೆಳಗೆ ಇಟ್ಟುಕೊಂಡರೆ ದಾಸೋಹ.

ನುಲಿಯ ಚಂದಯ್ಯನ ಚರಿತ್ರೆಯು ಈ ವಿಷಯದಲ್ಲಿ ದಾರಿದೀಪವಾಗಿದೆ. ಅವನು ಕೆರೆಯ ಬದಿಯ ಹುಲ್ಲನ್ನು ಕೊಯ್ದು, ಹಗ್ಗವನ್ನು ಹೊಸೆದು, ಮಾರಿ ಬಂದುದರಿಂದ ಜಂಗಮದಾಸೋಹವನ್ನು ಮಾಡುತ್ತಿದ್ದವನು. ಒಮ್ಮೆ ಅವನ ಹಗ್ಗಕ್ಕೆ ಬಸವಣ್ಣನವರ ಮನೆಯಿಂದ ಅದರ ಯೋಗ್ಯತೆಗೆ ಮೀರಿದ ಹೊನ್ನು ಬಂದಿತೆಂದೂ, ಹಗ್ಗದ ಬೆಲೆಗಿಂತ ಹೆಚ್ಚಾದುದು ತನ್ನ ಕಾಯಕಕ್ಕೆ ಸೇರಿದುದಲ್ಲವೆಂದು ಚಂದಯ್ಯನು ಅದನ್ನು ಒಪ್ಪಲಿಲ್ಲವೆಂದೂ ಪುರಾತನರ ಕಥೆಯು ಹೇಳುತ್ತದೆ. ಕೊಟ್ಟವರು ಸಾಮಾನ್ಯರಲ್ಲ, ಬಸವಣ್ಣನವರು. ಕೊಟ್ಟುದು ಕಪಟದಿಂದಲ್ಲ, ಭಕ್ತಿಯಿಂದ. ಆದರೂ ಹೆಚ್ಚಿನ ಹೊನ್ನು ಕಾಯಕದ ಸತ್ಯಶುದ್ಧಿಗೆ ಕುಂದನ್ನು ತಂದೀತೆಂದು ಆ ಹಗ್ಗ ಹೊಸೆಯುವವನು ಅಂಜಿದನು. ಕನಿಕರದಿಂದ ಕೊಡುವ ಹೆಚ್ಚಿನ ಹಣವೂ ದುಡಿಯುವವನ ಮಾನಕ್ಕೆ ಭಾರವಾಗಬಲ್ಲುದು ಎಂಬುದು ಇಲ್ಲಿಯ ತಾತ್ಪರ್ಯ.

ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯೂ ಇದಕ್ಕೆ ಜೊತೆಯಾಗಿ ನಿಲ್ಲುತ್ತದೆ. ಗಂಡನಾದ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಚೆಲ್ಲಿದ ಅಕ್ಕಿಯೆಂದರೆ ಪರರು ಬೇಡವೆಂದು ಬಿಟ್ಟದ್ದೇ ಅಲ್ಲವೇ? ಅದರಿಂದಲೇ ಆ ದಂಪತಿಗಳ ದಾಸೋಹವು ನಡೆಯುತ್ತಿತ್ತು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಕಂಡು ಸಂತೋಷಪಡಲಿಲ್ಲ. ಇದು ನಿತ್ಯದ ಕಾಯಕಕ್ಕೆ ಮೀರಿದ್ದೆಂದು ಹೇಳಿ, ಹೆಚ್ಚಿನದನ್ನು ಮರಳಿ ಅಲ್ಲಿಗೇ ಸುರಿದು ಬರುವಂತೆ ಗಂಡನನ್ನು ಕಳುಹಿದಳು. ಬಿದ್ದುದನ್ನು ಆಯ್ದು ಬದುಕುವವಳೆಂದು ಅವಳನ್ನು ಬಡವಳೆನ್ನುವವರು ಯಾರು? ಬೇಡವಾದುದನ್ನು ಹಿಂದಕ್ಕೆ ಕಳುಹುವ ಶಕ್ತಿಯುಳ್ಳವಳಿಗಿಂತ ಸಿರಿವಂತಳು ಕಲ್ಯಾಣದಲ್ಲಿರಲಿಲ್ಲ.

ಹಾಗಾದರೆ ಚಂದಯ್ಯನ ನಿದರ್ಶನವನ್ನು ಮುಂದೆ ಮಾಡಿ ಬೆಲೆಯನ್ನು ಕಡಿಮೆ ಮಾಡಬಹುದೆಂದು ಯಾರೂ ಭಾವಿಸಬಾರದು. ಹೆಚ್ಚು ಬೇಡವೆನ್ನುವುದು ದುಡಿಯುವವನ ವ್ರತ. ಕಡಿಮೆ ಕೊಡೆನೆನ್ನುವುದು ಕೊಳ್ಳುವವನ ವ್ರತ. ಇವೆರಡೂ ಕೂಡಿದಾಗಲೇ ಸತ್ಯಶುದ್ಧವಾದ ವ್ಯವಹಾರ. ಆದುದರಿಂದ ಈ ಕಾಗದವನ್ನು ಕೊಳ್ಳುವ ಗೃಹಸ್ಥನು ಕೆಲವು ನೇಮಗಳನ್ನು ಪಾಲಿಸಬೇಕು. ಬೆಳ್ಳಿಬಂಗಾರದ ಅಂಗಡಿಯಲ್ಲಿ ಬಾಯಿ ತೆರೆಯದವನು ಲಕೋಟೆಯ ಕಟ್ಟಿನ ಮುಂದೆ ನಾಲ್ಕು ರೂಪಾಯಿಗಾಗಿ ಚೌಕಾಸಿ ಮಾಡಬಾರದು. ಲಗ್ನಪತ್ರಿಕೆಯನ್ನು ಮಾಡಿಸಿಕೊಂಡು, ಮದುವೆ ಮುಗಿದ ಮೇಲೆ ಕೊಡುವೆನೆಂದು ಹಣವನ್ನು ತಡೆಹಿಡಿಯಬಾರದು. ದಿನಗೂಲಿಯಿಂದ ಒಲೆ ಹೊತ್ತಿಸುವವಳಿಗೆ ಒಂದು ತಿಂಗಳ ತಡವೆಂದರೆ ಒಂದು ತಿಂಗಳ ಸಾಲ. ಹಾಳೆಯಲ್ಲಿ ನಿಜವಾದ ದೋಷವಿದ್ದರೆ ಪಾಪವೆಂದು ಸುಮ್ಮನೆ ಒಪ್ಪಿಕೊಳ್ಳದೆ ಅದನ್ನು ತೋರಿಸಿ ಸರಿಮಾಡಿಸಬೇಕು. ಕೆಟ್ಟ ಕೆಲಸವನ್ನು ಕನಿಕರದಿಂದ ಒಪ್ಪುವವನು ಆ ಕೈಗೆ ಒಳ್ಳೆಯ ಕೆಲಸವು ಬಾರದೆಂದು ಮೊದಲೇ ತೀರ್ಮಾನಿಸಿದವನು. ಕೈಯಿಂದಾದ ಹಾಳೆಯ ಅಂಚು ತುಸು ತರಿತರಿಯಾಗಿರುವುದು, ಬಣ್ಣವು ಹಾಳೆಯಿಂದ ಹಾಳೆಗೆ ಕೂದಲೆಳೆಯಷ್ಟು ಬೇರೆಯಾಗಿರುವುದು ದೋಷವಲ್ಲ, ಅದರ ಸ್ವಭಾವ. ಈ ವ್ಯತ್ಯಾಸವನ್ನು ಕೊಳ್ಳುವವನೂ ಕಲಿಯಬೇಕು.

ನಡುವೆ ನಿಂತು ಮಾರುವವರಿಗೂ ಧರ್ಮವಿದೆ. ಹೆಣ್ಣುಮಕ್ಕಳ ಕಷ್ಟದ ಕಥೆಯನ್ನೂ ಭಾವಚಿತ್ರವನ್ನೂ ಸರಕಿನ ಮೇಲೆ ಅಂಟಿಸಿ, ಕೊಳ್ಳುವವರ ಕಣ್ಣೀರಿನ ಮೇಲೆ ಲಾಭವನ್ನು ಗಳಿಸುವುದು ಕಾಯಕಕ್ಕೆ ಕಳಂಕ. ಹಾಳೆಯು ಒಳ್ಳೆಯದಾಗಿದ್ದರೆ ಹಾಳೆಯ ಗುಣವನ್ನು ಹೇಳಿ ಮಾರಬೇಕು. ಅವಳ ದುಃಖವು ಅವಳದು. ಅದು ಮಾರಾಟದ ವಸ್ತುವಲ್ಲ. ಬಂದ ಹಣದಲ್ಲಿ ಎಷ್ಟು ಪಾಲು ದುಡಿದವಳ ಕೈಗೆ ಸೇರಿತೆಂಬುದನ್ನು ಕೇಳಿದವರಿಗೆಲ್ಲ ಮುಚ್ಚುಮರೆಯಿಲ್ಲದೆ ತೋರಿಸಬೇಕು. ಆ ಹಣವು ಗಂಡನ ಕೈಗಾಗಲಿ ಮುಕಾದಮನ ಕೈಗಾಗಲಿ ಹೋಗದೆ ಅವಳದೇ ಹೆಸರಿನ ಖಾತೆಗೆ ಹೋಗಬೇಕು. ಹೀಗೆ ಕೇಳುವುದು ಸಂಶಯವಲ್ಲ, ಕೊಳ್ಳುವವನ ಕರ್ತವ್ಯ.

ದುಡಿಯುವವಳ ಕಾಯಕಕ್ಕೂ ಅದರದೇ ಆದ ಶುದ್ಧಿಯುಂಟು. ಚಿಂದಿಯನ್ನು ಚೆನ್ನಾಗಿ ಆರಿಸದೆ ತೊಟ್ಟಿಗೆ ಹಾಕುವುದು, ತೂಕ ಬರಲೆಂದು ಬೇಡದ್ದನ್ನು ಬೆರೆಸುವುದು, ಯಂತ್ರದ ಕಾಗದಕ್ಕೆ ಕೈಕಾಗದವೆಂಬ ಹೆಸರನ್ನಿಡುವುದು ಕಾಯಕವೆನಿಸದು. ಬಡತನವು ಅಸತ್ಯಕ್ಕೆ ರಹದಾರಿಯಲ್ಲವೆಂಬುದಕ್ಕೆ ಲಕ್ಕಮ್ಮನೇ ಸಾಕ್ಷಿ. ಆದರೆ ಈ ಮಾತನ್ನು ದುಡಿಯುವವಳಿಗೆ ಹೇಳುವ ಅಧಿಕಾರವು, ಅವಳ ಬೆಲೆಯನ್ನು ಸರಿಯಾಗಿ ಸಲ್ಲಿಸಿದವನಿಗೆ ಮಾತ್ರ ಉಂಟು.

ಕೊನೆಯದಾಗಿ ಒಂದು ಪ್ರಾಯೋಗಿಕವಾದ ಶಂಕೆಯಿದೆ. ಕೈಕಾಗದಕ್ಕೆ ಬೆಲೆ ಹೆಚ್ಚು. ಸಾಮಾನ್ಯ ಗೃಹಸ್ಥನು ಅದನ್ನು ಹೇಗೆ ಕೊಂಡಾನು? ಇದು ನಿಜವಾದ ತೊಡಕು, ಇದನ್ನು ಮರೆಮಾಚಬೇಕಾಗಿಲ್ಲ. ಶಾಲೆಯ ಮಕ್ಕಳ ಪಠ್ಯಪುಸ್ತಕಗಳನ್ನೂ ದಿನಪತ್ರಿಕೆಗಳನ್ನೂ ಕೈಕಾಗದದ ಮೇಲೆ ಅಚ್ಚುಹಾಕಲು ಸಾಧ್ಯವಿಲ್ಲ. ರದ್ದಿಯನ್ನು ಮತ್ತೆ ಮತ್ತೆ ಅರೆದು ಕಾಗದ ಮಾಡುವುದಕ್ಕೂ ಮಿತಿಯಿದೆ; ಪ್ರತಿ ಸಲ ಅರೆದಾಗಲೂ ಅದರ ನಾರು ಮೊಟಕಾಗುತ್ತ ಹೋಗುತ್ತದೆ. ಅದಕ್ಕೆ ಬಲ ಬರಬೇಕಾದರೆ ಹತ್ತಿಯಂತಹ ಉದ್ದನೆಯ ನಾರನ್ನು ಬೆರೆಸಬೇಕು. ಆದುದರಿಂದ ಕೈಕಾಗದವು ಎಲ್ಲ ಕಾಗದಕ್ಕೂ ಬದಲಾಗಬಲ್ಲುದೆಂದು ಹೇಳುವುದು ಅತಿಶಯೋಕ್ತಿ. ಅದರ ಸ್ಥಾನ ಬೇರೆ. ಬಹುಕಾಲ ಉಳಿಯಬೇಕಾದ ಬರೆಹಕ್ಕೆ, ಮನೆತನದ ಮಂಗಲಕಾರ್ಯಕ್ಕೆ, ಮನಸ್ಸಿಟ್ಟು ಬರೆಯುವ ಪತ್ರಕ್ಕೆ ಅದು ಸಲ್ಲುತ್ತದೆ. ಮರದಿಂದಾದ ಅಗ್ಗದ ಕಾಗದವು ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಪುಡಿಯಾಗುವಾಗ, ಚೆನ್ನಾಗಿ ಮಾಡಿದ ಹತ್ತಿಯ ಕಾಗದವು ತಲೆಮಾರುಗಳವರೆಗೆ ಬಾಳುತ್ತದೆ.

ವೆಚ್ಚದ ತೊಡಕಿಗೆ ಶರಣಮಾರ್ಗದಲ್ಲಿ ಉತ್ತರವಿದೆ, ಅದೇ ಮಿತ. ಈ ಕಾಲದ ಮದುವೆಗಳಲ್ಲಿ ಸಾವಿರಗಟ್ಟಲೆ ಲಗ್ನಪತ್ರಿಕೆಗಳನ್ನು ಚಿನ್ನದ ಬಣ್ಣದಲ್ಲಿ, ಮೇಣದಂತಹ ಹೊಳಪಿನಲ್ಲಿ, ಪ್ಲಾಸ್ಟಿಕ್ಕಿನ ಹೊದಿಕೆಯಲ್ಲಿ ಅಚ್ಚುಹಾಕಿಸುತ್ತಾರೆ. ಮದುವೆಯ ಮರುದಿನ ಅವು ತಿಪ್ಪೆಯಲ್ಲಿ ಬಿದ್ದಿರುತ್ತವೆ. ಮೇಲೆ ಅಚ್ಚಾದ ಇಷ್ಟದೇವತೆಯ ಚಿತ್ರವೂ ಗುರುಗಳ ಹೆಸರೂ ಕಾಲಡಿಗೆ ಬರುತ್ತವೆ. ಆ ಹೊಳಪಿನ ಕಾಗದವನ್ನು ಮತ್ತೆ ಅರೆದು ಹಾಳೆ ಮಾಡುವುದೂ ಕಷ್ಟ. ಹತ್ತಿರದ ಬಂಧುಗಳಿಗೂ ಗುರುಹಿರಿಯರಿಗೂ ಕೈಕಾಗದದ ಕೆಲವೇ ಪತ್ರಿಕೆಗಳನ್ನು ಕೊಟ್ಟು, ಉಳಿದವರನ್ನು ಬಾಯಿಮಾತಿನಿಂದ ಕರೆದರೆ ಯಾರ ಮಾನಕ್ಕೆ ಕೊರತೆ? ವೆಚ್ಚವು ಹೆಚ್ಚಲಿಕ್ಕಿಲ್ಲ, ತಗ್ಗಿದರೂ ತಗ್ಗೀತು. ಮಠಗಳೂ ತಮ್ಮ ಜಾತ್ರೆಯ ಆಹ್ವಾನವನ್ನೂ ಪ್ರಶಸ್ತಿಪತ್ರಗಳನ್ನೂ ಈ ಹಾಳೆಯ ಮೇಲೆ ಅಚ್ಚುಹಾಕಿಸಿದರೆ ಭಕ್ತರಿಗೆ ಮೇಲ್ಪಂಕ್ತಿಯಾ‌ದೀತು.

ಮನೆಯಲ್ಲಿಯೂ ಮಾಡಬಹುದಾದುದು ಬಹಳವಿದೆ. ಒಂದು ಮಗ್ಗುಲು ಮಾತ್ರ ಬರೆದ ಹಾಳೆಯ ಇನ್ನೊಂದು ಮಗ್ಗುಲನ್ನು ಮಕ್ಕಳು ಲೆಕ್ಕ ಮಾಡಲು ಬಳಸುವುದನ್ನು ಕಲಿಯಲಿ. ರದ್ದಿಯನ್ನು ಎಂಜಲಿನೊಡನೆ, ಒದ್ದೆಯ ಕಸದೊಡನೆ ಬೆರೆಸದೆ ಒಣಗಿದುದನ್ನು ಬೇರೆ ಇಡಲಿ. ಒದ್ದೆಯಾಗಿ ಜಿಡ್ಡು ಹಿಡಿದ ಕಾಗದವು ಹಾಳೆಯಾಗಿ ಮರಳಿ ಹುಟ್ಟಲಾರದು. ಹಳೆಯ ಹತ್ತಿಬಟ್ಟೆಯನ್ನು ಸುಡದೆ, ಒಗೆದು, ಕಟ್ಟಿ, ಅಂತಹ ಕೇಂದ್ರವು ಹತ್ತಿರದಲ್ಲಿದ್ದರೆ ಅಲ್ಲಿಗೆ ತಲುಪಿಸಲಿ. ಕಸವನ್ನು ಆಯಲು ಬರುವ ಹೆಣ್ಣುಮಗಳನ್ನು ಏಕವಚನದಿಂದ ಗದರದೆ, ಅಕ್ಕಾ ಎಂದು ಕರೆದು ಒಣರದ್ದಿಯನ್ನು ಅವಳ ಕೈಗೆ ಕೊಡಲಿ. ಶುದ್ಧವಾಗಿ ಕೊಟ್ಟ ರದ್ದಿಯಿಂದ ಅವಳ ಅರ್ಧ ದಿನದ ಹೊಲಸಿನ ಕೆಲಸವು ಉಳಿಯುತ್ತದೆ. ಇದಕ್ಕೆ ಒಂದು ಕಾಸಿನ ವೆಚ್ಚವೂ ಇಲ್ಲ.

ಕೊಂಡ ಹಾಳೆಯ ಮೇಲೆ ಏನನ್ನು ಬರೆಯಬೇಕೆಂಬುದೂ ವಿಚಾರಿಸಬೇಕಾದ ಮಾತೇ. ಸತ್ಯಶುದ್ಧವಾದ ಕಾಯಕದಿಂದ ಹುಟ್ಟಿದ ವಹಿಯಲ್ಲಿ ಸುಳ್ಳು ಲೆಕ್ಕವನ್ನು ಬರೆದರೆ, ಸಾಲಗಾರನ ಬಡ್ಡಿಯನ್ನು ತಿದ್ದಿದರೆ, ಆ ಲಕೋಟೆಯಲ್ಲಿ ಇನ್ನೊಬ್ಬರ ಮೇಲೆ ಚಾಡಿಯ ಪತ್ರವನ್ನು ಕಳುಹಿದರೆ, ಆ ಹೆಣ್ಣುಮಕ್ಕಳು ಆರಿಸಿ ತೆಗೆದ ಕೊಳೆಯನ್ನು ಬರೆಯುವವನು ಮರಳಿ ಅದಕ್ಕೆ ಬಳಿದಂತಾಗುತ್ತದೆ. ಅವರು ಚಿಂದಿಯನ್ನು ಹಾಳೆ ಮಾಡಿದರು. ಆ ಹಾಳೆಯನ್ನು ಮತ್ತೆ ಚಿಂದಿ ಮಾಡದಿರುವ ಹೊಣೆಯು ಗೃಹಸ್ಥನದು. ಮಾಡುವ ಕೈ, ಕೊಳ್ಳುವ ಕೈ, ಬರೆಯುವ ಕೈ ಮೂರೂ ಶುದ್ಧವಾಗಿದ್ದಲ್ಲಿ ಕರಸ್ಥಲದ ಲಿಂಗವು ಆ ಮೂರರಲ್ಲಿಯೂ ಬೆಳಗುತ್ತದೆ.

ಶಿವಾರ್ಪಣಮಸ್ತು.